ಒಂದೇ ಮನೆ, ಒಂದೇ ಅಡುಗೆ, ನಾನು ಮಾತ್ರ ದಪ್ಪ: ‘ಆರ್‌ಎನ್‌ಎ ಟೆಸ್ಟ್’ ಮಾಡಿಸಿದವರು ಯಾರಾದರೂ ಇದ್ದೀರಾ?

ಹೇಮಾವತಿ ದಡ

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು, ವಯಸ್ಸು 39. ನಮ್ಮದು ಕೂಡು ಕುಟುಂಬ. ನಾನು, ನನ್ನ ಓರಗಿತ್ತಿ ಇಬ್ಬರೂ ಒಂದೇ ಪಾತ್ರೆಯಲ್ಲಿ ಬೆಂದಿದ್ದನ್ನು ಉಣ್ಣುವವರು. ಬೆಳಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಮುದ್ದೆ ಬಸ್ಸಾರು, ರಾತ್ರಿ ಅನ್ನ ಮಜ್ಜಿಗೆ. ಇಬ್ಬರು ಮಕ್ಕಳಾದ ಮೇಲೂ ಅವಳಿಗೆ ಮದುವೆಯ ರವಿಕೆಯೇ ಆಗುತ್ತದೆ. ನನ್ನ ರವಿಕೆಗಳ ಒಳಹೊಲಿಗೆ ಬಿಚ್ಚಿ ಬಿಚ್ಚಿ, ಈಗ ಬಿಚ್ಚಲು ಬಟ್ಟೆಯೇ ಉಳಿದಿಲ್ಲ.

ಹೋದ ಭಾನುವಾರ ನಮ್ಮ ಬಡಾವಣೆಯಲ್ಲಿ ಒಂದು ಉಚಿತ ತೂಕದ ಶಿಬಿರ ಇತ್ತು. ಬೆರಳು ಚುಚ್ಚಿ ರಕ್ತ ತೆಗೆದರು. ಆಮೇಲೆ ಒಬ್ಬರು ಕೂರಿಸಿಕೊಂಡು, ‘ನಿಮ್ಮ ಮೈಕ್ರೋ ಆರ್‌ಎನ್‌ಎ ಕೊಬ್ಬು ಕಟ್ಟುವ ಕಡೆ ತಿರುಗಿದೆ, ಊಟ ಬಿಟ್ಟರೂ ಇಳಿಯಲ್ಲ’ ಎಂದರು. ಅದನ್ನು ತಿರುಗಿಸಲು ಮೂರು ತಿಂಗಳ ಪುಡಿ. ಒಂದು ಡಬ್ಬಿ ತಂದೂ ಆಯಿತು. ರೇಟು ಹೇಳಲು ನಾಚಿಕೆ, ಮನೆಯವರೂ ಈ ವೇದಿಕೆ ಓದುತ್ತಾರೆ.

ಈ ಮೈಕ್ರೋ ಆರ್‌ಎನ್‌ಎ ಅನ್ನುವುದು ನಿಜಕ್ಕೂ ಇದೆಯಾ? ಅಥವಾ ಹೆಸರು ಕೇಳಿಯೇ ನಾನು ಮರುಳಾದೆನಾ?

ಅರಸೀಕೆರೆ ಕೊಬ್ಬರಿ

ತಾಯಿ, ಆರ್‌ಎನ್‌ಎಯೂ ಇಲ್ಲ, ಗೀರೆನ್ನೆಯೂ ಇಲ್ಲ. ನಮ್ಮಜ್ಜಿ ಬೆಳಗಿನ ಜಾವ ಎದ್ದು ರಾಗಿ ಬೀಸಿ, ಬಾವಿಯಿಂದ ನೀರು ಸೇದಿ, ಆಮೇಲೆ ಹೊಲಕ್ಕೆ ಹೋಗುತ್ತಿದ್ದರು. ಆಗ ಯಾರಿಗೂ ಬೊಜ್ಜು ಇರಲಿಲ್ಲ. ಈಗ ಮಿಕ್ಸಿ, ಮೋಟರು, ಸ್ಕೂಟಿ. ಮೈ ಬಗ್ಗಿಸದೆ ಇರುವುದಕ್ಕೆ ಒಂದೊಂದು ಕಾಲಕ್ಕೆ ಒಂದೊಂದು ಹೆಸರು. ಮೊದಲು ವಾಯು ಎಂದರು, ಆಮೇಲೆ ಥೈರಾಯ್ಡ್, ಈಗ ಆರ್‌ಎನ್‌ಎ.

ಹೇಮಾವತಿ ದಡ

ಅಣ್ಣ, ನಮ್ಮ ಮನೆಯಲ್ಲಿ ಎರಡು ಹಸು ಇವೆ. ಸಗಣಿ ಬಾಚುವುದು ಯಾರು ಅಂದುಕೊಂಡಿದ್ದೀರಿ? ನನ್ನ ಓರಗಿತ್ತಿ ಕೊಟ್ಟಿಗೆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ಮೂಡಿಗೆರೆ ಮಳೆ

ಕೊಬ್ಬರಿ ಅಣ್ಣ, ಟೆಸ್ಟಿನ ವಿಷಯದಲ್ಲಿ ನಾನು ನಿಮ್ಮ ಕಡೆ. ಆದರೆ ಮೈಕ್ರೋ ಆರ್‌ಎನ್‌ಎ ಸುಳ್ಳಲ್ಲ. ಬೆಂಗಳೂರಿನಲ್ಲಿ ಆರು ವರ್ಷ ಇದೇ ಕೆಲಸ ಮಾಡಿದವನು ನಾನು. ಈಗ ಅಪ್ಪನ ರೋಬಸ್ಟಾ ಕಾಫಿ ಕೊಯ್ಲಿಗೆ ಊರಿಗೆ ಬಂದಿದ್ದೇನೆ. ಆಳು ಸಿಗುತ್ತಿಲ್ಲ, ಹಾಗಾಗಿ ರಾತ್ರಿ ಹೊತ್ತು ಇಲ್ಲಿ ಬರೆಯುವಷ್ಟು ಶಕ್ತಿ ಉಳಿದರೆ ಬರೆಯುತ್ತೇನೆ.

ನಮ್ಮ ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ಡಿಎನ್‌ಎ ಅಂದರೆ ಸಾಹುಕಾರರ ಬೀರುವಿನಲ್ಲಿರುವ ದೊಡ್ಡ ಪುಸ್ತಕ. ಅದು ಬೀರು ಬಿಟ್ಟು ಹೊರಗೆ ಬರುವುದಿಲ್ಲ. ಅದರಲ್ಲಿ ಬೇಕಾದ ಸಾಲನ್ನು ಮಾತ್ರ ಒಂದು ಚೀಟಿಗೆ ನಕಲು ಮಾಡಿ ಕಳಿಸುತ್ತಾರೆ. ಆ ಚೀಟಿಯೇ ಎಂಆರ್‌ಎನ್‌ಎ. ಚೀಟಿ ಕಣಕ್ಕೆ ತಲುಪಿದರೆ ಅದರಂತೆ ಕೆಲಸ ಆಗುತ್ತದೆ, ಅಂದರೆ ಪ್ರೋಟೀನ್ ತಯಾರಾಗುತ್ತದೆ. ಶಾಲೆಯಲ್ಲಿ ನಾವು ಕಲಿತಿದ್ದು ಇಷ್ಟೇ.

ಆದರೆ ತೋಟ ನಡೆಸಿದವರಿಗೆ ಗೊತ್ತು, ಸಾಹುಕಾರರಿಗೂ ಆಳಿಗೂ ನಡುವೆ ರೈಟರ್ ಅಂತ ಒಬ್ಬರು ಇರುತ್ತಾರೆ. ಚೀಟಿಯಲ್ಲಿ ಹತ್ತು ಆಳು ಎಂದಿದ್ದರೆ, ಇವತ್ತು ಏಳು ಸಾಕು ಎಂದು ತಡೆಯುವವರು ಅವರೇ. ಮೈಕ್ರೋ ಆರ್‌ಎನ್‌ಎ ಮಾಡುವುದು ಆ ರೈಟರ್ ಕೆಲಸ. ಉದ್ದ ಸುಮಾರು 22 ಅಕ್ಷರ, ಅಷ್ಟೇ. ಎಂಆರ್‌ಎನ್‌ಎ ಚೀಟಿಯಲ್ಲಿ ಸಾವಿರಾರು ಅಕ್ಷರ ಇರುತ್ತದೆ. ಈ ಪುಟಾಣಿ ತುಂಡು ಆರ್ಗೋನಾಟ್ ಎಂಬ ಪ್ರೋಟೀನಿನ ಹೆಗಲೇರಿ ಹೋಗಿ, ತನಗೆ ಜೋಡಿಯಾಗುವ ಏಳೆಂಟು ಅಕ್ಷರ ಯಾವ ಚೀಟಿಯ ಬಾಲದಲ್ಲಿದೆ ಎಂದು ಹುಡುಕಿ ಅಂಟಿಕೊಳ್ಳುತ್ತದೆ. ಅಂಟಿದ ಚೀಟಿ ಬೇಗ ಹಾಳಾಗುತ್ತದೆ ಅಥವಾ ಅದರ ಕೆಲಸ ನಿಧಾನವಾಗುತ್ತದೆ.

1993ರಲ್ಲಿ ಇದನ್ನು ಮೊದಲು ಕಂಡಿದ್ದು ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರ ಗುಂಪುಗಳು. ಏಳು ವರ್ಷ ಹೆಚ್ಚಿನವರು ಕ್ಯಾರೇ ಎನ್ನಲಿಲ್ಲ, ಅದು ಹುಳದ ಚೇಷ್ಟೆ ಎಂದುಕೊಂಡರು. 2000ದಲ್ಲಿ ಲೆಟ್-7 ಎಂಬ ಇನ್ನೊಂದು ಸಿಕ್ಕಿತು. ಅದು ಮನುಷ್ಯರಲ್ಲೂ ಇತ್ತು. ಆಮೇಲೆ ಎಲ್ಲರೂ ಮುಗಿಬಿದ್ದರು. 2024ರ ವೈದ್ಯಕೀಯ ನೊಬೆಲ್ ಇವರಿಬ್ಬರಿಗೇ ಬಂತು. ಹೇಮಾವತಿ ಅಕ್ಕ, ನೀವು ಮರುಳಾದ ಹೆಸರು ಸಣ್ಣದಲ್ಲ ಬಿಡಿ.

ಸಕಲೇಶಪುರ ಘಾಟಿ

ರೈಟರ್ ಉಪಮೆ ಚೆನ್ನಾಗಿದೆ. ಆದರೆ ನಮ್ಮ ರೈಟರ್ ಏಳು ಆಳು ಕಳಿಸಿ ಹತ್ತು ಜನರ ಲೆಕ್ಕ ಬರೆಯುತ್ತಾನೆ. ಅದಕ್ಕೆ ಏನು ಆರ್‌ಎನ್‌ಎ?

ತಮಾಷೆ ಬಿಡಿ. ಸಣ್ಣ ಆರ್‌ಎನ್‌ಎ ಅಂದಾಗ ನನಗೆ ನೆನಪಾಗುವುದು ಕಾಫಿ. 2003ರಲ್ಲಿ ಜಪಾನಿನವರು ಇದೇ ತಂತ್ರದಿಂದ ಕಾಫಿ ಗಿಡದಲ್ಲಿ ಕೆಫೀನ್ ತಯಾರಾಗುವುದನ್ನು ತಡೆದು, ಶೇಕಡಾ 70ರಷ್ಟರವರೆಗೆ ಕಡಿಮೆ ಮಾಡಿದ್ದರು. ಗಿಡದಲ್ಲೇ ಡಿಕಾಫ್. ಅದನ್ನು ಓದಿದ ದಿನ ನಮ್ಮಪ್ಪ, ‘ಕಾಫಿಯಿಂದ ಕಾಫಿಯನ್ನೇ ತೆಗೆದರೆ ಉಳಿಯುವುದು ಕಷಾಯ’ ಎಂದಿದ್ದರು.

ಮೂಡಿಗೆರೆ ಮಳೆ

ಹೌದು ಸರ್, ಒಂದೇ ಕುಲದ ತಂತ್ರ. ನಿಮ್ಮದರಲ್ಲಿ ನಾವು ಹೊರಗಿನಿಂದ ರೈಟರ್ ನೇಮಿಸುತ್ತೇವೆ, ಮೈಕ್ರೋ ಆರ್‌ಎನ್‌ಎ ಆದರೆ ಮೈಯೊಳಗೇ ಹುಟ್ಟಿದವನು. ಇದರ ಮೊದಲ ಸುಳಿವು ಸಿಕ್ಕಿದ್ದೂ ಗಿಡದಲ್ಲೇ. 1990ರಲ್ಲಿ ಪೆಟೂನಿಯಾ ಹೂವನ್ನು ಇನ್ನೂ ಗಾಢ ನೇರಳೆ ಮಾಡೋಣ ಎಂದು ಬಣ್ಣದ ಜೀನು (ಆ ದೊಡ್ಡ ಪುಸ್ತಕದ ಒಂದು ಸಾಲು ಅನ್ನಿ) ಇನ್ನೊಂದು ಸೇರಿಸಿದರು. ಹೂವು ಬೆಳ್ಳಗೆ ಬಿಟ್ಟಿತು! ಎರಡೂ ಜೀನು ಬಾಯಿ ಮುಚ್ಚಿಕೊಂಡಿದ್ದವು.

ಲಾಸ್ಟ್ ಬೆಂಚ್ ಬಿಎಸ್ಸಿ

ಮೂಡಿಗೆರೆ ಸರ್, ಸೆಮಿಸ್ಟರ್‌ನಲ್ಲಿ ಇದು ಒಂದೇ ಪ್ಯಾರಾ ಇತ್ತು, ಬಾಯಿಪಾಠ ಹೊಡೆದು ಬರೆದೆ. ಈಗ ಅರ್ಥ ಆಯಿತು. ಆದರೆ ಇದಕ್ಕೂ ಹೊಟ್ಟೆಗೂ ಏನು ಸಂಬಂಧ?

ಮೂಡಿಗೆರೆ ಮಳೆ

ಬಂದೆ. ಇದು ಸ್ವಲ್ಪ ಉದ್ದ ಆಗಬಹುದು, ಕಾಫಿ ಇಟ್ಟುಕೊಂಡು ಓದಿ.

ಕೊಬ್ಬಿನ ಕೋಶ ಹುಟ್ಟಿನಿಂದ ಕೊಬ್ಬಿನ ಕೋಶ ಆಗಿರುವುದಿಲ್ಲ. ಮೊದಲು ಅದು ಯಾವ ಕೆಲಸವೂ ಗೊತ್ತಿಲ್ಲದ ಮರಿಕೋಶ. ಪಿಪಿಎಆರ್ ಗಾಮಾ ಎಂಬ ಪ್ರೋಟೀನ್ ಬಂದು ‘ನೀನು ಕೊಬ್ಬು ಕೂಡಿಡುವವನು’ ಎಂದು ಹೇಳಿದಾಗ ಅದು ಉಬ್ಬಲು ಶುರು. ಮಿರ್-27 ಎಂಬ ಮೈಕ್ರೋ ಆರ್‌ಎನ್‌ಎ ಈ ಪಿಪಿಎಆರ್ ಗಾಮಾದ ಚೀಟಿಯನ್ನೇ ತಡೆಯುತ್ತದೆ. ಅಂದರೆ ಬ್ರೇಕು. ಮಿರ್-143 ಇದಕ್ಕೆ ಉಲ್ಟಾ. ಮನುಷ್ಯರ ಕೋಶಗಳಲ್ಲಿ ಅದನ್ನು ಅಡಗಿಸಿದಾಗ ಮರಿಕೋಶಗಳು ಸರಿಯಾಗಿ ಕೊಬ್ಬಿನ ಕೋಶ ಆಗಲಿಲ್ಲ. ಇದು ಗೊತ್ತಾಗಿದ್ದು 2004ರಲ್ಲಿ.

ಇನ್ನೊಂದು ಕಂದು ಕೊಬ್ಬಿನ ಕಥೆ. ಬಿಳಿ ಕೊಬ್ಬು ಕಣಜ ಇದ್ದಂತೆ, ಕೂಡಿಡುತ್ತದೆ. ಕಂದು ಕೊಬ್ಬು ಒಲೆ ಇದ್ದಂತೆ, ಉರಿಸಿ ಶಾಖ ಮಾಡುತ್ತದೆ. ಹಸುಗೂಸುಗಳಲ್ಲಿ ಮಾತ್ರ ಇರುತ್ತದೆ ಎಂದುಕೊಂಡಿದ್ದರು. ದೊಡ್ಡವರ ಕತ್ತು, ಹೆಗಲಿನ ಹತ್ತಿರವೂ ಇದೆ, ಕೆಲಸವನ್ನೂ ಮಾಡುತ್ತದೆ ಎಂದು 2009ರಲ್ಲಿ ಖಾತ್ರಿಯಾಯಿತು. ಕಂದು ಕೊಬ್ಬು ಹುಟ್ಟಲು ಬೇಕಾದ ಒಂದು ಪ್ರೋಟೀನಿನ ಚೀಟಿಯನ್ನು ಮಿರ್-133 ಹಿಡಿದು ಕೂರುತ್ತದೆ. ಇಲಿಗಳನ್ನು ಚಳಿಯಲ್ಲಿ ಇಟ್ಟಾಗ ಮಿರ್-133 ಇಳಿಯುತ್ತದೆ, ಒಲೆ ಹೊತ್ತಿಕೊಳ್ಳುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಕೊಬ್ಬು ಸುಮ್ನೆ ಕೂತಿರುವ ಗಂಟಲ್ಲ, ಅದು ಅಂಚೆ ಹಾಕುತ್ತದೆ. 2017ರಲ್ಲಿ ಬಾಸ್ಟನ್ನಿನ ರೊನಾಲ್ಡ್ ಕಾನ್ ಅವರ ಗುಂಪು ಇಲಿಗಳ ಕೊಬ್ಬಿನಲ್ಲಿ ಮಾತ್ರ ಡೈಸರ್ ಎಂಬ ಕತ್ತರಿಯನ್ನು ತೆಗೆದುಹಾಕಿತು. ಮೈಕ್ರೋ ಆರ್‌ಎನ್‌ಎಯನ್ನು ಕತ್ತರಿಸಿ ಸಿದ್ಧ ಮಾಡುವುದು ಈ ಡೈಸರ್. ಕೊಬ್ಬಿನಲ್ಲಿ ಅದು ಇಲ್ಲದಾಗ, ರಕ್ತದಲ್ಲಿ ಸಣ್ಣ ಸಣ್ಣ ಚೀಲಗಳೊಳಗೆ ಓಡಾಡುವ ಮೈಕ್ರೋ ಆರ್‌ಎನ್‌ಎಗಳಲ್ಲಿ ಬಹಳಷ್ಟು ಕಾಣೆಯಾದವು. ಅಂದರೆ ಅವೆಲ್ಲ ಕೊಬ್ಬಿನಿಂದ ಹೊರಟ ಟಪಾಲು. ವಿಳಾಸ ಎಲ್ಲಿಗೆ? ಲಿವರ್‌ಗೆ. ಕೊಬ್ಬು ಬರೆದಿದ್ದನ್ನು ಲಿವರ್ ಓದಿ ತನ್ನ ಚೀಟಿ ಬದಲಿಸಿಕೊಳ್ಳುತ್ತದೆ.

ಲಾಸ್ಟ್ ಬೆಂಚ್, ಹೊಟ್ಟೆಗೂ ಇದಕ್ಕೂ ಸಂಬಂಧ ಇಷ್ಟು.

ಲಾಸ್ಟ್ ಬೆಂಚ್ ಬಿಎಸ್ಸಿ

ಹಾಗಾದರೆ ಮುಳ್ಳಯ್ಯನಗಿರಿ ಮೇಲೆ ಬೆಳಗ್ಗೆ ಐದಕ್ಕೆ ಬನಿಯನ್ನಿನಲ್ಲಿ ನಿಂತರೆ ಮಿರ್-133 ಇಳಿಯುತ್ತದಾ?

ಸಕಲೇಶಪುರ ಘಾಟಿ

ಇಳಿಯುವುದು ಗೊತ್ತಿಲ್ಲ ಮರಿ, ಮೂಗಂತೂ ಇಳಿಯುತ್ತದೆ. ಆಮೇಲೆ ಕೆಳಗೆ ಬಂದು ಎರಡು ಪ್ಲೇಟ್ ಬಿಸಿ ಬಜ್ಜಿ ತಿನ್ನುತ್ತೀಯ. ಲೆಕ್ಕ ಸಮ.

ಅರಸೀಕೆರೆ ಕೊಬ್ಬರಿ

ಮೂಡಿಗೆರೆ ಹುಡುಗ ಚೆನ್ನಾಗಿ ಬರೆಯುತ್ತಾನೆ, ಒಪ್ಪಿದೆ. ಆದರೂ ನನ್ನ ಪ್ರಶ್ನೆ ಹಾಗೇ ಇದೆ. ನಮ್ಮಜ್ಜಿಗೂ ಇದೇ ಆರ್‌ಎನ್‌ಎ ಇತ್ತು ಅಲ್ವಾ? ಅವರು ಯಾಕೆ ಊದಲಿಲ್ಲ? ಸೋಮಾರಿತನಕ್ಕೆ ವಿಜ್ಞಾನದ ಕಂಬಳಿ ಹೊದಿಸಬೇಡಿ.

ಮೂಡಿಗೆರೆ ಮಳೆ

ಅಣ್ಣ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಪುಸ್ತಕ ಬದಲಾಗುವುದಿಲ್ಲ, ರೈಟರ್ ಬದಲಾಗುತ್ತಾನೆ. ಮೈಕ್ರೋ ಆರ್‌ಎನ್‌ಎ ಪ್ರಮಾಣ ಊಟ, ಚಳಿ, ವಯಸ್ಸು, ಓಡಾಟ ನೋಡಿಕೊಂಡು ಏರಿಳಿಯುತ್ತದೆ. ವಯಸ್ಸಾದಂತೆ ಇಲಿಗಳ ಕೊಬ್ಬಿನಲ್ಲಿ ಡೈಸರ್ ಕಡಿಮೆಯಾಗುತ್ತದೆ. ಊಟದ ಪ್ರಮಾಣ ಇಳಿಸಿದ ಇಲಿಗಳಲ್ಲಿ ಹಾಗೆ ಇಳಿಯಲಿಲ್ಲ. ವ್ಯಾಯಾಮ ಮಾಡಿಸಿದಾಗ ಏರಿತು. ರಾಗಿ ಬೀಸುತ್ತಿದ್ದ ಅಜ್ಜಿಯ ಮೈಯಲ್ಲಿ ರೈಟರ್ ಬೇರೆ ರೀತಿ ಲೆಕ್ಕ ಬರೆದಿರಬಹುದು. ನಿಮ್ಮ ಮಾತನ್ನು ತಳ್ಳಿಹಾಕುತ್ತಿಲ್ಲ. ಆದರೆ ಒಂದೇ ಕೆಲಸ, ಒಂದೇ ಊಟ ಇದ್ದ ಇಬ್ಬರ ಮೈ ಒಂದೇ ರೀತಿ ಇರಲೇಬೇಕು ಎನ್ನುವುದು ತಪ್ಪು. ಸಗಣಿ ಬಾಚುವವರನ್ನು ಸೋಮಾರಿ ಎಂದಿರಲ್ಲ, ಅದಕ್ಕೆ ಒಂದು ಕ್ಷಮೆ ಕೇಳಬಹುದಿತ್ತು.

ಅರಸೀಕೆರೆ ಕೊಬ್ಬರಿ

ಅದು ಬಾಯಿ ತಪ್ಪಿ ಬಂತು. ಹೇಮಾವತಿ ತಂಗಿ ಬೇಜಾರು ಮಾಡಿಕೊಳ್ಳಬಾರದು.

ಡೈರಿ ಕ್ಯಾನು

ಚನ್ನರಾಯಪಟ್ಟಣ ಕಡೆಯವನು. ಹಾಲು ಕುಡಿಯುವವರ ಜೀನಿಗೂ ಬೊಜ್ಜಿಗೂ ನಂಟಿದೆ ಎಂದು ಎಲ್ಲೋ ಕೇಳಿದ್ದೆ. ಹಾಲು ಕುಡಿದರೆ ದಪ್ಪ ಎಂದು ಹಬ್ಬಿಸಿದರೆ ನಮ್ಮ ಹೊಟ್ಟೆ ಮೇಲೆ ಹೊಡೆದಂತೆ. ಇದು ನಿಜವಾ?

ಮೂಡಿಗೆರೆ ಮಳೆ

ಹಾಲು ಕುಡಿದರೆ ದಪ್ಪ ಎಂದು ಅದು ಹೇಳುವುದಿಲ್ಲ, ಹೆದರಬೇಡಿ. ಕಥೆ ಇನ್ನೂ ಸೊಗಸಾಗಿದೆ.

ಎಳೆಗರುವಿಗೆ ಹಾಲು ಜೀರ್ಣವಾಗುತ್ತದೆ, ದೊಡ್ಡದಾದ ಮೇಲೆ ಆ ಶಕ್ತಿ ಕುಂದುತ್ತದೆ. ಮನುಷ್ಯರಲ್ಲೂ ಮೂಲತಃ ಹಾಗೇ. ದನ ಸಾಕಿದ ಜನಗಳಲ್ಲಿ ಮಾತ್ರ ದೊಡ್ಡವರಾದ ಮೇಲೂ ಹಾಲು ದಕ್ಕಿಸಿಕೊಳ್ಳುವ ಗುಣ ಹರಡಿತು. ಯುರೋಪಿನವರಲ್ಲಿ ಕಾಣುವ ಅದೇ ಬದಲಾವಣೆ ನಮ್ಮ ದೇಶದಲ್ಲೂ ಇದೆ. ಇದು ಇರುವುದು ಎರಡನೇ ಕ್ರೋಮೋಸೋಮಿನಲ್ಲಿ, ಅಂದರೆ ಆ ದೊಡ್ಡ ಪುಸ್ತಕದ ಎರಡನೇ ಸಂಪುಟ ಅನ್ನಿ. ಅದೇ ಓಣಿಯಲ್ಲಿ ಮಿರ್-128-1 ಎಂಬ ಮೈಕ್ರೋ ಆರ್‌ಎನ್‌ಎಯ ಮನೆಯೂ ಇದೆ. ಅದನ್ನು ತಡೆದು ಇಲಿಗಳಿಗೆ ಕೊಬ್ಬಿನ ಊಟ ಹಾಕಿದಾಗ ಅವು ಅಷ್ಟು ದಪ್ಪ ಆಗಲಿಲ್ಲ, ಜಾಸ್ತಿ ಶಕ್ತಿ ಉರಿಸಿದವು. 2020ರಲ್ಲಿ ಬಂದ ಕೆಲಸ. ಅದನ್ನು ಮಾಡಿದವರ ಊಹೆ ಏನೆಂದರೆ, ಬರಗಾಲದಲ್ಲಿ ಕೊಬ್ಬು ಖರ್ಚು ಮಾಡದೆ ಕೂಡಿಡುವ ಈ ಗುಣ ಜೀವ ಉಳಿಸಿರಬಹುದು, ಹಾಲಿನ ಗುಣದಷ್ಟೇ ಇದೂ ಆಯ್ಕೆಯಾಗಿ ಬಂದಿರಬಹುದು. ಊಹೆಯೇ. ಆದರೆ ಅಜ್ಜಿಯ ಕಾಲಕ್ಕೆ ಉಳಿತಾಯ ಖಾತೆ ಆಗಿದ್ದದ್ದು ನಮ್ಮ ಕಾಲಕ್ಕೆ ಸಾಲದ ಖಾತೆ ಆಗಿರುವುದು ನೋಡಿ.

ಡೈರಿ ಕ್ಯಾನು

ಸರಿ ಹಾಗಾದರೆ. ನಾಳೆ ಡೈರಿ ಹತ್ತಿರ ಹೇಳುತ್ತೇನೆ. ಅರ್ಧ ಮಾತ್ರ ಹೇಳುತ್ತೇನೆ, ಹಾಲಿನ ಅರ್ಧ.

ಲಾಸ್ಟ್ ಬೆಂಚ್ ಬಿಎಸ್ಸಿ

ಸರ್, ಇಷ್ಟೆಲ್ಲ ಗೊತ್ತಿದ್ದ ಮೇಲೆ ಮಿರ್-143 ಬಂದ್ ಮಾಡುವ ಮಾತ್ರೆ ಮಾಡಿದರೆ ಮುಗಿಯಿತಲ್ಲ? ಕೊಬ್ಬಿನ ಕೋಶವೇ ಹುಟ್ಟಲ್ಲ.

ಮೂಡಿಗೆರೆ ಮಳೆ

ಅಲ್ಲೇ ಎಡವುವುದು. ಕೊಬ್ಬಿನ ಕೋಶ ಇಲ್ಲದಿದ್ದರೆ ಕೊಬ್ಬು ಎಲ್ಲಿಗೆ ಹೋಗುತ್ತದೆ? ಕಣಜ ಇಲ್ಲದ ಮನೆಯಲ್ಲಿ ರಾಗಿ ಮೂಟೆ ಹಜಾರದಲ್ಲಿ, ಅಡುಗೆಮನೆಯಲ್ಲಿ, ಮಂಚದ ಕೆಳಗೆ ಇರುತ್ತದಲ್ಲ, ಹಾಗೆ ಅದು ಲಿವರ್‌ಗೆ, ಸ್ನಾಯುಗಳಿಗೆ ಹೋಗಿ ಸೇರುತ್ತದೆ. ಹುಟ್ಟಿನಿಂದಲೇ ಕೊಬ್ಬಿನ ಅಂಗಾಂಶ ಇಲ್ಲದ ಅಪರೂಪದ ಜನ ಇದ್ದಾರೆ. ನೋಡಲು ಸಣಕಲು, ಒಳಗೆ ತೀವ್ರ ಸಕ್ಕರೆ ಕಾಯಿಲೆ, ಕೊಬ್ಬು ತುಂಬಿದ ಲಿವರ್.

ದೊಡ್ಡವರಲ್ಲಿ ಕೊಬ್ಬಿನ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರ. ಪ್ರತಿ ವರ್ಷ ಸುಮಾರು ಶೇಕಡಾ 10ರಷ್ಟು ಸತ್ತು ಅಷ್ಟೇ ಹೊಸದು ಹುಟ್ಟುತ್ತವೆ. ತೂಕ ಇಳಿಸಿದರೆ ಕೋಶ ಸಣ್ಣದಾಗುತ್ತದೆ, ಸಂಖ್ಯೆ ಇಳಿಯುವುದಿಲ್ಲ. ಇದನ್ನು ಸ್ವೀಡನ್ನಿನವರು 2008ರಲ್ಲಿ ಲೆಕ್ಕ ಹಾಕಿದ ರೀತಿ ಕೇಳಿ. 1950, 60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಒಂದು ಬಗೆಯ ಇಂಗಾಲ ಜಾಸ್ತಿಯಾಗಿತ್ತು. ಅದು ಊಟದ ಮೂಲಕ ಎಲ್ಲರ ಮೈ ಸೇರಿತು. ಕೋಶದ ಡಿಎನ್‌ಎಯಲ್ಲಿ ಅದು ಎಷ್ಟಿದೆ ಎಂದು ಅಳೆದು ಕೋಶದ ವಯಸ್ಸು ಕಂಡುಹಿಡಿದರು. ಬಾಂಬಿನಿಂದ ಬೊಜ್ಜಿನ ಲೆಕ್ಕ!

ಇನ್ನೊಂದು ಎಚ್ಚರಿಕೆ ಮಿರ್-33. 2011ರಲ್ಲಿ ಕೋತಿಗಳಲ್ಲಿ ಇದನ್ನು ತಡೆದಾಗ ಒಳ್ಳೆಯ ಕೊಲೆಸ್ಟರಾಲ್ ಏರಿತು. ಎಲ್ಲರಿಗೂ ಖುಷಿ. ಆದರೆ ಮಿರ್-33 ಪೂರ್ತಿ ಇಲ್ಲದ ಇಲಿಗಳಿಗೆ ಹಸಿವು ಹೆಚ್ಚಿತು, ಜಾಸ್ತಿ ತಿಂದು ದಪ್ಪ ಆದವು, ಇನ್ಸುಲಿನ್ನಿಗೂ ಬಗ್ಗಲಿಲ್ಲ. ಒಬ್ಬ ರೈಟರ್ ನೂರಾರು ಚೀಟಿ ನೋಡಿಕೊಳ್ಳುತ್ತಾನೆ. ಒಂದು ಚೀಟಿಗೆಂದು ಅವನನ್ನು ತೆಗೆದರೆ ಮಿಕ್ಕಿದ್ದನ್ನು ಯಾರು ನೋಡುತ್ತಾರೆ?

ನೈಟ್ ಡ್ಯೂಟಿ

ಚಿಕ್ಕಮಗಳೂರಿನಲ್ಲಿ ನರ್ಸ್ ಕೆಲಸ. ಎಲ್ಲ ಓದಿದೆ, ಯಾರೂ ಒಂದು ಮಾತು ಕೇಳಲಿಲ್ಲ. ಹೇಮಾವತಿ ಅಕ್ಕ, ಶಿಬಿರದಲ್ಲಿ ಬರಿಗಾಲಲ್ಲಿ ಲೋಹದ ತಟ್ಟೆಯ ಮೆಷಿನ್ ಮೇಲೆ ನಿಲ್ಲಿಸಿದರಾ? ರಿಪೋರ್ಟ್ ಎಷ್ಟು ಹೊತ್ತಿಗೆ ಬಂತು?

ಹೇಮಾವತಿ ದಡ

ನಿಲ್ಲಿಸಿದರು. ರಿಪೋರ್ಟ್ ಹದಿನೈದು ನಿಮಿಷದಲ್ಲಿ ಪ್ರಿಂಟ್ ಆಗಿ ಬಂತು. ಬಣ್ಣದ್ದು. ಮನುಷ್ಯನ ಚಿತ್ರ, ಹೊಟ್ಟೆ ಹತ್ತಿರ ಕೆಂಪು.

ಮೂಡಿಗೆರೆ ಮಳೆ

ನೈಟ್ ಡ್ಯೂಟಿ ಮೇಡಂಗೆ ಕೈ ಮುಗಿದೆ. ನಾನು ನೊಬೆಲ್ ತನಕ ಹೋಗಿ ಬಂದೆ, ಇದನ್ನು ಕೇಳಲೇ ಇಲ್ಲ.

ಅಕ್ಕ, ಆ ಮೆಷಿನ್ ಕಾಲಿನ ಮೂಲಕ ಸಣ್ಣ ಕರೆಂಟ್ ಹಾಯಿಸಿ ಮೈಯಲ್ಲಿ ಕೊಬ್ಬು ಎಷ್ಟಿರಬಹುದು ಎಂದು ಅಂದಾಜು ಮಾಡುತ್ತದೆ. ಆರ್‌ಎನ್‌ಎಗೂ ಅದಕ್ಕೂ ಸಂಬಂಧವೇ ಇಲ್ಲ. ನಿಜವಾದ ಮೈಕ್ರೋ ಆರ್‌ಎನ್‌ಎ ಅಳೆಯಲು ರಕ್ತದಿಂದ ಆರ್‌ಎನ್‌ಎ ಬೇರ್ಪಡಿಸಬೇಕು, ಅದನ್ನು ಡಿಎನ್‌ಎಗೆ ನಕಲು ಮಾಡಬೇಕು, ಆ ನಕಲನ್ನು ಹೆಚ್ಚಿಸಿ ಅಳೆಯುವ ಪಿಸಿಆರ್ ಹಾಕಬೇಕು. ಗಂಟೆಗಟ್ಟಲೆ ಕೆಲಸ. ಬೆರಳು ಹಿಂಡಿ ತೆಗೆದ ರಕ್ತದಲ್ಲಿ ಕೆಂಪು ಕೋಶಗಳು ಒಡೆದಿರುತ್ತವೆ. ಕೆಂಪು ಕೋಶದಲ್ಲೇ ಮಿರ್-451, ಮಿರ್-16 ರಾಶಿ ರಾಶಿ ಇರುತ್ತವೆ, ಅವು ಲೆಕ್ಕವನ್ನೇ ಕೆಡಿಸುತ್ತವೆ. ಒಂದು ಸಲ ನಮ್ಮ ಲ್ಯಾಬಿನಲ್ಲಿ ಹೀಗೇ ಆಗಿ ಎರಡು ತಿಂಗಳ ಕೆಲಸ ಕಸಕ್ಕೆ ಹೋಗಿತ್ತು. ಕೋಶ ಬೇರ್ಪಡಿಸಿದ ಮೇಲೆ ಉಳಿಯುವ ರಕ್ತದ ಹಳದಿ ತಿಳಿ ಸ್ವಲ್ಪ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ನಾನು ಗಮನಿಸಿರಲಿಲ್ಲ, ಬೈಸಿಕೊಂಡಿದ್ದೂ ನಾನೇ. ಅಷ್ಟು ಮಾಡಿ ಸರಿಯಾಗಿ ಅಳೆದರೂ, ಒಬ್ಬರ ತೂಕಕ್ಕೆ ಹೀಗೆ ಮಾಡಿ ಎಂದು ಹೇಳುವ ಮೈಕ್ರೋ ಆರ್‌ಎನ್‌ಎ ಟೆಸ್ಟ್ ಆಸ್ಪತ್ರೆಗಳ ದಿನನಿತ್ಯದ ಬಳಕೆಯಲ್ಲಿ ಇಲ್ಲ.

ಹೇಮಾವತಿ ದಡ

ಪುಡಿಯಲ್ಲಿ ಸಸ್ಯದ ಆರ್‌ಎನ್‌ಎ ಇದೆ ಎಂದು ಡಬ್ಬಿ ಮೇಲೆ ಬರೆದಿದೆ.

ಅರಸೀಕೆರೆ ಕೊಬ್ಬರಿ

ಸೊಪ್ಪಿನ ಸಾರಿನಲ್ಲೂ ಇರುತ್ತದೆ ಅಲ್ವಾ ಹುಡುಗ?

ಮೂಡಿಗೆರೆ ಮಳೆ

ನೂರಕ್ಕೆ ನೂರು ಅಣ್ಣ. ಬಸ್ಸಾರಿನ ತುಂಬ ಸಸ್ಯದ ಆರ್‌ಎನ್‌ಎ. ತಿಂದ ಆರ್‌ಎನ್‌ಎ ಹೊಟ್ಟೆ, ಕರುಳಿನಲ್ಲಿ ಪುಡಿಪುಡಿಯಾಗುತ್ತದೆ.

ಈ ಡಬ್ಬಿಯ ಮೂಲ ಎಲ್ಲಿಯದೆಂದು ನನಗೆ ಅನುಮಾನ ಇದೆ. 2012ರಲ್ಲಿ ಚೀನಾದ ನಾನ್‌ಜಿಂಗ್‌ನವರು ಅಕ್ಕಿಯ ಮಿರ್-168ಎ, ಅನ್ನ ತಿಂದವರ ರಕ್ತದಲ್ಲಿ ಸಿಕ್ಕಿತು, ಇಲಿಗಳ ಲಿವರ್‌ನಲ್ಲಿ ಕೆಟ್ಟ ಕೊಲೆಸ್ಟರಾಲ್ ತೆಗೆಯುವ ಕೆಲಸಕ್ಕೆ ಅಡ್ಡಿ ಮಾಡಿತು ಎಂದು ಬರೆದರು. ದೊಡ್ಡ ಸುದ್ದಿ ಆಯಿತು. ಬೇರೆ ಗುಂಪುಗಳು ಅದನ್ನೇ ಮಾಡಿ ನೋಡಿದಾಗ ಹಾಗೆ ಬರಲಿಲ್ಲ. ಸಿಕ್ಕಿದ್ದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಆದರೆ ಸುದ್ದಿ ಓಡಿದಷ್ಟು ದೂರ ತಿದ್ದುಪಡಿ ಓಡುವುದಿಲ್ಲ. ಹಾಗಾಗಿ ಅಕ್ಕಿ ರೊಟ್ಟಿ ಬಿಡಲು ಆರ್‌ಎನ್‌ಎಯ ನೆಪ ಬೇಡ. ಎಷ್ಟು ರೊಟ್ಟಿ, ಅದರ ಮೇಲೆ ಎಷ್ಟು ಬೆಣ್ಣೆ ಎನ್ನುವುದು ಬೇರೆ ಮಾತು.

ಸಣ್ಣ ಆರ್‌ಎನ್‌ಎ ಔಷಧಿಗಳು ನಿಜವಾಗಿಯೂ ಬಂದಿವೆ, ಆದರೆ ಇಂಜೆಕ್ಷನ್. ಕೊಲೆಸ್ಟರಾಲಿಗೆ ಇನ್‌ಕ್ಲಿಸಿರಾನ್ ಎಂದಿದೆ. ಮೊದಲ ಸೂಜಿ, ಮೂರು ತಿಂಗಳಿಗೆ ಎರಡನೆಯದು, ಆಮೇಲೆ ಆರು ತಿಂಗಳಿಗೊಂದು. ಅದಕ್ಕೆ ಒಂದು ಸಕ್ಕರೆ ಬಾಲ ಅಂಟಿಸಿ ಲಿವರ್ ಬಾಗಿಲು ತಟ್ಟುವಂತೆ ಮಾಡಿದ್ದಾರೆ. ಕೊಬ್ಬಿನ ಕೋಶಕ್ಕೆ ಹೀಗೆ ಕಳಿಸುವುದು ಇನ್ನೂ ಕಷ್ಟ. ಪ್ರಯೋಗ ನಡೆಯುತ್ತಿವೆ.

ಸಕಲೇಶಪುರ ಘಾಟಿ

ನಮ್ಮ ಮನೆಯಲ್ಲಿ ಅಪ್ಪ ದಪ್ಪ, ನಾನು ದಪ್ಪ, ಮಗ ಈಗಲೇ ಡುಮ್ಮ. ಇದೂ ಆರ್‌ಎನ್‌ಎ ಮೂಲಕ ಅಪ್ಪನಿಂದ ಮಗನಿಗೆ ಬರುತ್ತದಾ?

ಮೂಡಿಗೆರೆ ಮಳೆ

ಹೆಚ್ಚಿನದು ಜೀನು ಮತ್ತು ಒಂದೇ ಊಟದ ಮೇಜು. ಆದರೆ ಇಲಿಗಳಲ್ಲಿ ಒಂದು ವಿಚಿತ್ರ ಕಂಡಿದೆ. 2016ರಲ್ಲಿ ಚೀನಾದ ಒಂದು ಗುಂಪು ಕೊಬ್ಬಿನ ಊಟ ಹಾಕಿದ ಗಂಡಿಲಿಗಳ ವೀರ್ಯಾಣುವಿನಿಂದ ಸಣ್ಣ ಆರ್‌ಎನ್‌ಎ ತುಂಡುಗಳನ್ನು ತೆಗೆದು, ಸಾಮಾನ್ಯ ಭ್ರೂಣಕ್ಕೆ ಚುಚ್ಚಿತು. ಹುಟ್ಟಿದ ಮರಿಗಳ ಮೈ ಸಕ್ಕರೆಯನ್ನು ಸರಿಯಾಗಿ ನಿಭಾಯಿಸಲಿಲ್ಲ. ಇವು ಮೈಕ್ರೋ ಆರ್‌ಎನ್‌ಎ ಅಲ್ಲ, ಅದರ ದಾಯಾದಿಗಳು. ಇಲಿಯ ಮಾತು, ನಿಮ್ಮ ಮಗನ ಮಾತಲ್ಲ. ಸುಮ್ನೆ ಅಪ್ಪನ ಮೇಲೆ ಹಾಕಬೇಡಿ.

ನೈಟ್ ಡ್ಯೂಟಿ

ಅಪ್ಪನ ಜೊತೆ ಅಮ್ಮನ ಗರ್ಭವನ್ನೂ ಸೇರಿಸಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಅಳೆಯುತ್ತಾ ಬಂದಿದ್ದಾರೆ. ಬಸುರಿಯಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ 5 ವರ್ಷಕ್ಕೇ ಕೊಬ್ಬು ಹೆಚ್ಚಿತ್ತು.

ಈಗ ಗಂಡಸರಿಗೆ ಒಂದು ಮಾತು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ಅವರ ಫೋಟೋ 2004ರಲ್ಲಿ ಒಂದು ವೈದ್ಯ ಪತ್ರಿಕೆಯಲ್ಲಿ ಬಂದಿತ್ತು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ನಮ್ಮವರ ಮೈಯಲ್ಲಿ 21.2. ಅಂದರೆ ನಾವು ತೆಳ್ಳಗೆ ಕಂಡರೂ ಒಳಗೆ ಕೊಬ್ಬು. ಆದ್ದರಿಂದ ನಮಗೆ ಬಿಎಂಐ 23ಕ್ಕೇ ಎಚ್ಚರಿಕೆ, 25ಕ್ಕೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಟೈಲರ್ ಟೇಪು ಎಲ್ಲರ ಮನೆಯಲ್ಲೂ ಇರುತ್ತದೆ. ಉಸಿರು ಒಳಗೆ ಎಳೆದು ಅಳೆಯಬೇಡಿ, ನಮ್ಮ ವಾರ್ಡಿಗೆ ಬರುವ ಎಲ್ಲ ಗಂಡಸರೂ ಅದನ್ನೇ ಮಾಡುತ್ತಾರೆ.

ಹೇಮಾವತಿ ಅಕ್ಕ, ಪುಡಿಯ ದುಡ್ಡಿಗಿಂತ ಬಹಳ ಕಡಿಮೆಗೆ ಥೈರಾಯ್ಡ್ ನೋಡಲು ಟಿಎಸ್‌ಎಚ್, ಮೂರು ತಿಂಗಳ ಸಕ್ಕರೆಯ ಸರಾಸರಿ ನೋಡಲು ಎಚ್‌ಬಿಎ1ಸಿ ಮಾಡಿಸಿ ಡಾಕ್ಟರಿಗೆ ತೋರಿಸಿ. ಮುಟ್ಟು ಸರಿ ಇದೆಯಾ, ನಿದ್ದೆ ಹೇಗೆ, ಬೇರೆ ಯಾವ ಮಾತ್ರೆ ತಗೊಳ್ಳುತ್ತೀರಿ, ಎಲ್ಲ ಹೇಳಿ. ಕೆಲವು ಮಾತ್ರೆಗಳೇ ತೂಕ ಏರಿಸುತ್ತವೆ. ಈಗ ತೂಕಕ್ಕೆ ಸೂಜಿಗಳೂ ಬಂದಿವೆ, ಅದು ಬೇಕಾ ಬೇಡವಾ ಅವರೇ ಹೇಳಲಿ.

ಅರಸೀಕೆರೆ ಕೊಬ್ಬರಿ

ಟೇಪು ಇಟ್ಟು ನೋಡಿದೆ. 97. ನನ್ನ ತೂಕ 64 ಕೆಜಿ ಅಷ್ಟೇ, ಕೈಕಾಲು ಕಡ್ಡಿ. ಮನೆಯವಳು ಎರಡನೇ ಸಲವೂ ಅಳೆದಳು. ಬೇರೆ ಮಾತಾಡೋಣ.

ನೈಟ್ ಡ್ಯೂಟಿ

ಬೇರೆ ಮಾತು ಬೇಡ ಅಣ್ಣ. ನಾಳೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ನೋಡಿಸಿ.

ಹೇಮಾವತಿ ದಡ

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಟಿಎಸ್‌ಎಚ್ ಸ್ವಲ್ಪ ಜಾಸ್ತಿ ಬಂದಿದೆ. ಆರು ವಾರ ಬಿಟ್ಟು ಮತ್ತೆ ಮಾಡಿಸೋಣ, ಆಮೇಲೆ ಮಾತ್ರೆ ನೋಡೋಣ ಎಂದರು ಡಾಕ್ಟರ್. ಇಷ್ಟು ತೂಕಕ್ಕೆಲ್ಲ ಅದೊಂದೇ ಕಾರಣ ಅಲ್ಲ ಎಂದೂ ಹೇಳಿದರು. ಸಕ್ಕರೆ ಗಡಿಯಲ್ಲಿದೆ. ಓರಗಿತ್ತಿಯೂ ಜೊತೆಗೆ ಬಂದಿದ್ದಳು, ತಮಾಷೆಗೆ ಅವಳದ್ದೂ ಮಾಡಿಸಿದೆವು. ಆ ಕಡ್ಡಿಯ ಸಕ್ಕರೆ ನನಗಿಂತ ಜಾಸ್ತಿ! ಈಗ ಸಂಜೆ ಇಬ್ಬರೂ ಮಹಾರಾಜ ಪಾರ್ಕಿಗೆ ನಡೆಯುತ್ತೇವೆ. ಕೊಟ್ಟಿಗೆ ಕೆಲಸವನ್ನೂ ಹಂಚಿಕೊಂಡಿದ್ದೇವೆ.

ಶಿಬಿರದವರು ಫೋನ್ ಎತ್ತುತ್ತಿಲ್ಲ. ಡಬ್ಬಿ ಮುಕ್ಕಾಲು ಹಾಗೇ ಇದೆ. ಏನು ಮಾಡಲಿ?

ಅರಸೀಕೆರೆ ಕೊಬ್ಬರಿ

ತೆಂಗಿನ ಬುಡಕ್ಕೆ ಹಾಕು ತಂಗಿ. ನನ್ನ ಸಕ್ಕರೆ 132 ಬಂತು, ನಾನೂ ನಡೆಯುತ್ತಿದ್ದೇನೆ.

ಸಕಲೇಶಪುರ ಘಾಟಿ

ಹಸುವಿಗೆ ಮಾತ್ರ ಹಾಕಬೇಡಿ. ಹಾಲು ಕಡಿಮೆಯಾದರೆ ಡೈರಿ ಕ್ಯಾನು ಅವರು ಜಗಳಕ್ಕೆ ಬರುತ್ತಾರೆ.